ಅಂಗೈ ನೋಡಿ ‘ನಿಮಗೆ ಧೈರ್ಯ ಕಡಿಮೆ’ ಅಂದರು. ರೇಖೆಯಿಂದ ಸ್ವಭಾವ ಗೊತ್ತಾಗುತ್ತದಾ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೆಲವು ವಾರಗಳಿಂದ ತಲೆ ತಿನ್ನುತ್ತಿದೆ. ಬಲ್ಲವರು ದಯವಿಟ್ಟು ಹೇಳಿ.

ಪರಿಚಯದವರ ಮನೆಯಲ್ಲಿ ಕೈ ನೋಡುವ ಹಿರಿಯರೊಬ್ಬರು ಸಿಕ್ಕಿದ್ದರು. ‘ಮದುವೆ, ಮಕ್ಕಳು, ದುಡ್ಡು ಕೇಳಬೇಡಿ. ನಾನು ಸ್ವಭಾವ ಮಾತ್ರ ಹೇಳುತ್ತೇನೆ’ ಅಂದರು. ಆ ಮಾತೇ ನನಗೆ ಹಿಡಿಸಿತು. ಕೈ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಬೆರಳುಗಳನ್ನು ಹಿಂದಕ್ಕೆ ಬಾಗಿಸಿದರು, ಹೆಬ್ಬೆರಳ ಬುಡ ಒತ್ತಿದರು.

ಅವರು ಹೇಳಿದ್ದು ನಾಲ್ಕು ಮಾತು. ಹೃದಯ ರೇಖೆ ಗುರು ಪರ್ವತದ (ತೋರುಬೆರಳ ಬುಡದ ಉಬ್ಬು) ಕಡೆ ಬಾಗಿದೆ, ನಂಬಿದವರಿಗಾಗಿ ಏನು ಬೇಕಾದರೂ ಮಾಡುತ್ತೀರಿ, ಆದರೆ ಬೇಗ ನೋವು ಮಾಡಿಕೊಳ್ಳುತ್ತೀರಿ. ಬುದ್ಧಿ ರೇಖೆ ಚಂದ್ರ ಪರ್ವತದ (ಕಿರುಬೆರಳ ಕಡೆ, ಅಂಗೈಯ ಕೆಳಗಿನ ಉಬ್ಬು) ಕಡೆ ಇಳಿದಿದೆ, ಕಲ್ಪನೆ ಜಾಸ್ತಿ. ಬುದ್ಧಿ ರೇಖೆ ಮತ್ತು ಆಯುಷ್ಯ ರೇಖೆ ಶುರುವಿನಲ್ಲಿ ಅಂಟಿಕೊಂಡಿವೆ, ಆದ್ದರಿಂದ ಧೈರ್ಯ ಕಡಿಮೆ, ಸ್ವಂತ ತೀರ್ಮಾನ ತೆಗೆದುಕೊಳ್ಳಲಾರಿರಿ. ತೋರುಬೆರಳು ಉಂಗುರ ಬೆರಳಿಗಿಂತ ಗಿಡ್ಡ, ನಾಲ್ಕು ಜನರನ್ನು ಮುನ್ನಡೆಸುವ ಕೆಲಸ ನಿಮಗಲ್ಲ.

ಮೊದಲ ಎರಡು ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಅಷ್ಟು ಸರಿ ಇತ್ತು. ಆದರೆ ಈಗ ಕೆಲಸದಲ್ಲಿ ಒಂದು ಸಣ್ಣ ತಂಡವನ್ನು ನೋಡಿಕೊಳ್ಳಲು ಕೇಳುತ್ತಿದ್ದಾರೆ. ಒಪ್ಪಿಕೊಳ್ಳಬೇಕು ಅಂದುಕೊಂಡಾಗಲೆಲ್ಲ ಕಣ್ಣು ತನ್ನಷ್ಟಕ್ಕೆ ಅಂಗೈ ಕಡೆ ಹೋಗುತ್ತದೆ. ಎರಡು ಮಾತು ನಿಜವಾದರೆ ಉಳಿದ ಎರಡೂ ನಿಜ ಇರಬೇಕಲ್ವಾ?

ರೇಖಾಸಕ್ತ:

ನೀಲಿಶಾಯಿ ಅವರೇ, ನಾನು ಹಸ್ತಸಾಮುದ್ರಿಕವನ್ನು ಶ್ರದ್ಧೆಯಿಂದ ಕಲಿತವನು, ಇಂದಿಗೂ ನಂಬುವವನು. ಅದಕ್ಕೇ ಬೇಸರವಾಯಿತು. ನಿಮಗೆ ಹೇಳಿದ ರೀತಿ ಶಾಸ್ತ್ರದ ಪ್ರಕಾರವೂ ಸರಿಯಿಲ್ಲ.

ಒಂದೇ ಗುರುತು ಹಿಡಿದು ತೀರ್ಪು ಕೊಡಬಾರದು ಅನ್ನುವುದು ಈ ವಿದ್ಯೆಯ ಮೊದಲ ಪಾಠ. ಬುದ್ಧಿ ರೇಖೆ ಮತ್ತು ಆಯುಷ್ಯ ರೇಖೆ ಶುರುವಿನಲ್ಲಿ ಸ್ವಲ್ಪ ದೂರ ಕೂಡಿರುವುದು ತೀರಾ ಸಾಮಾನ್ಯ. ಅದನ್ನು ‘ಯೋಚಿಸಿ ಹೆಜ್ಜೆ ಇಡುವವರು’ ಎಂದು ಓದುತ್ತಾರೆ. ತುಂಬಾ ದೂರದವರೆಗೆ ಅಂಟಿಕೊಂಡು ಹೋದರೆ ಮಾತ್ರ ಹಿಂಜರಿಕೆ ಅನ್ನುತ್ತಾರೆ. ಆಗಲೂ ಹೆಬ್ಬೆರಳು ನೋಡಬೇಕು. ಹೆಬ್ಬೆರಳ ಮೇಲಿನ ಗೆಣ್ಣು ಇಚ್ಛಾಶಕ್ತಿ, ಎರಡನೆಯದು ತರ್ಕ. ಮೇಲಿನದು ಗಟ್ಟಿಯಾಗಿದ್ದರೆ ಅಂಟಿದ ರೇಖೆಯ ಫಲ ಬದಲಾಗುತ್ತದೆ. ಧೈರ್ಯ ತೋರಿಸುತ್ತದೆ ಎನ್ನುವ ಉಬ್ಬು ಕುಜ ಪರ್ವತ, ಅದನ್ನು ನೋಡದೆ ಧೈರ್ಯದ ಮಾತೇ ಎತ್ತಬಾರದು.

ಕೈಯ ಆಕಾರವೂ ಮುಖ್ಯ. ಫ್ರಾನ್ಸ್‌ನ ದಾರ್ಪಂತಿನ್ಯಿ 19ನೇ ಶತಮಾನದಲ್ಲಿ ಕೈಗಳನ್ನು ಏಳು ಬಗೆಯಾಗಿ ವಿಂಗಡಿಸಿದರು. ಚೌಕ ಕೈ, ಗಂಟು ಬೆರಳಿನ ಕೈ, ಚೂಪು ಬೆರಳಿನ ಕೈ ಹೀಗೆ. ಚೌಕ ಕೈಯಲ್ಲಿ ಇಳಿಜಾರು ಬುದ್ಧಿ ರೇಖೆ ಇದ್ದರೆ ಒಂದು ಅರ್ಥ, ಚೂಪು ಕೈಯಲ್ಲಿ ಇದ್ದರೆ ಇನ್ನೊಂದು. ನಿಮ್ಮ ಕೈಯ ಆಕಾರ ಅವರು ಹೇಳಲೇ ಇಲ್ಲ. ಎರಡೂ ಕೈ ನೋಡಿದರಾ?

ಹತ್ತುಬೆರಳು:

ನಾನು ಕೈಗಳ ಜೊತೆಗೇ ದುಡಿಯುವವಳು. ಫಿಸಿಯೊಥೆರಪಿಯಲ್ಲಿ ನನ್ನ ವಿಭಾಗ ಕೈ. ಮುರಿದ ಮಣಿಕಟ್ಟು, ಹೊಲಿದ ಸ್ನಾಯುರಜ್ಜು, ಮರಗಟ್ಟಿದ ಬೆರಳು, ಇವೇ ನನ್ನ ದಿನ. ಜೊತೆಗೆ ನನ್ನ ಅಜ್ಜ ಕೈ ನೋಡುತ್ತಿದ್ದರು. ಗುರು, ಶನಿ, ರವಿ, ಬುಧ ಅಂತ ಬೆರಳುಗಳ ಬುಡ ಮುಟ್ಟಿ ತೋರಿಸಿ ನನಗೂ ಕಲಿಸಿದ್ದರು. ಹಾಗಾಗಿ ಒಂದು ಅಂಗೈ ನನ್ನ ಮುಂದೆ ಬಂದರೆ ಎರಡೂ ಭಾಷೆ ಒಟ್ಟಿಗೆ ತಲೆಯಲ್ಲಿ ಓಡುತ್ತವೆ. ಅದರಿಂದ ನನಗೆ ಮನದಟ್ಟಾಗಿರುವುದನ್ನು ಬರೆಯುತ್ತೇನೆ.

ಮೊದಲು ರೇಖೆಗಳು. ಅವು ಚರ್ಮ ಮಡಚುವ ಜಾಗಗಳು. ಹೆಬ್ಬೆರಳನ್ನು ಅಂಗೈಗೆ ಅಡ್ಡ ತನ್ನಿ, ಆಯುಷ್ಯ ರೇಖೆಯ ಗುಂಟ ಚರ್ಮ ಮಡಚುತ್ತದೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳನ್ನು ಬುಡದಲ್ಲಿ ಬಾಗಿಸಿ, ಹೃದಯ ರೇಖೆ ಮಡಚುತ್ತದೆ. ತೋರುಬೆರಳು ಬಾಗುವಾಗ ಬುದ್ಧಿ ರೇಖೆ ಕೆಲಸ ಮಾಡುತ್ತದೆ. ಈ ಮೂರೂ ಗರ್ಭದಲ್ಲಿ ಸುಮಾರು 12ನೇ ವಾರದ ಹೊತ್ತಿಗೆ ಮೂಡಿರುತ್ತವೆ. ಕೆಲವರಿಗೆ ಹೃದಯ ಮತ್ತು ಬುದ್ಧಿ ರೇಖೆ ಸೇರಿ ಒಂದೇ ಅಡ್ಡಗೆರೆ ಇರುತ್ತದೆ. ಸುಮಾರು 30 ಜನರಲ್ಲಿ ಒಬ್ಬರಿಗೆ ಹೀಗೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇದು ಹೆಚ್ಚು, ಅದಕ್ಕೇ ಹುಟ್ಟಿದ ಮಗುವಿನ ಅಂಗೈಯನ್ನು ವೈದ್ಯರು ನೋಡುತ್ತಾರೆ. ಆದರೆ ಆ ಗೆರೆ ಇರುವ ಬಹುತೇಕರು ಪೂರ್ತಿ ಆರೋಗ್ಯವಂತರು. ಗೆರೆ ಅಷ್ಟೇ ಹೇಳುತ್ತದೆ. ಕೈಯನ್ನು ಕಟ್ಟಿದ ಬಗೆ ಹೇಳುತ್ತದೆ, ಧೈರ್ಯವನ್ನಲ್ಲ.

ರೇಖೆಗಿಂತಲೂ ನನ್ನನ್ನು ಕಾಡುವುದು ಉಳಿದ ಗುರುತುಗಳು. ಸ್ವಭಾವ ಎಂದು ಓದುವ ಗುರುತುಗಳಲ್ಲಿ ಎಷ್ಟೋ ನಾನು ದಿನವೂ ಕಾಣುವ ತೊಂದರೆಗಳು.

ಗಂಟು ಬೆರಳನ್ನೇ ತೆಗೆದುಕೊಳ್ಳಿ. ರೇಖಾಸಕ್ತ ಅವರು ಹೇಳಿದ ಏಳು ಬಗೆಯಲ್ಲಿ ಅದು ತತ್ವಜ್ಞಾನಿಯ ಕೈ. ಎಲ್ಲವನ್ನೂ ಬಿಡಿಸಿ ನೋಡುವ ಮನಸ್ಸು, ಒಂಟಿತನ ಇಷ್ಟ ಎಂದೆಲ್ಲ. ನನ್ನ ಬಳಿ ಬರುವ ಗಂಟು ಬೆರಳುಗಳು ಹೆಚ್ಚಿನವು ಸಂಧಿ ಸವೆತದವು. ಬೆರಳ ತುದಿಯ ಕೀಲಿನಲ್ಲಿ ಬರುವ ಗಂಟಿಗೆ ಹೆಬರ್ಡನ್ ಗಂಟು ಎನ್ನುತ್ತಾರೆ, ನಡುವಿನ ಕೀಲಿನದಕ್ಕೆ ಬುಶಾರ್ ಗಂಟು. ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ಹತ್ತು ವರ್ಷದ ಹಿಂದೆ ಅದೇ ಬೆರಳು ನುಣುಪಾಗಿರುತ್ತದೆ. ಅವರ ಸ್ವಭಾವ ಬದಲಾಗಿರುವುದಿಲ್ಲ, ಕೀಲಿನ ಒಳಗಿನ ನುಣುಪಾದ ಪದರ, ಅಂದರೆ ಮೃದ್ವಸ್ಥಿ, ಸವೆದಿರುತ್ತದೆ. ಬಾಟಲಿಯ ಮುಚ್ಚಳ ತಿರುಗಿಸುವುದು ಕಷ್ಟವಾಗಿರುತ್ತದೆ.

ಬೆರಳು ಒಳಕ್ಕೆ ಬಾಗಿ ಕೈ ಪೂರ್ತಿ ಬಿಚ್ಚದೆ ಇದ್ದರೆ ‘ಜಿಪುಣ, ಮುಚ್ಚಿದ ಮನಸ್ಸು’ ಎಂದು ಅಜ್ಜನಿಗೆ ಅವರ ಗುರು ಕಲಿಸಿದ್ದರಂತೆ. ಡುಪ್ಯುಟ್ರೆನ್ ಎಂಬ ತೊಂದರೆ ಇದೆ. 1831ರಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಪಾಠ ಹೇಳಿದ ಫ್ರೆಂಚ್ ಸರ್ಜನ್ ಹೆಸರು ಅದು. ಅಂಗೈ ಚರ್ಮದ ಕೆಳಗಿನ ಪದರ ದಪ್ಪವಾಗಿ ಹಗ್ಗದಂತೆ ಬಿಗಿಯುತ್ತದೆ. ಹೆಚ್ಚಾಗಿ ಉಂಗುರ ಬೆರಳು, ಕಿರುಬೆರಳು ಮಡಚಿಕೊಳ್ಳುತ್ತವೆ. ಕುಟುಂಬದಲ್ಲಿ ಹರಿದು ಬರುತ್ತದೆ. ಇಂಥ ಕೈ ಇರುವ ಒಬ್ಬ ಮೇಷ್ಟ್ರು ನನ್ನ ಬಳಿ ಬರುತ್ತಿದ್ದರು. ಸಂಬಳದ ದೊಡ್ಡ ಪಾಲನ್ನು ಬೇರೆಯವರ ಮಕ್ಕಳ ಓದಿಗೆ ಕೊಡುತ್ತಿದ್ದ ಮನುಷ್ಯ. ಅವರ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಲು ಆಗುತ್ತಿರಲಿಲ್ಲ. ಆ ಕೈ ನೋಡಿ ಯಾರಾದರೂ ಜಿಪುಣ ಅಂದಿದ್ದರೆ ಎಷ್ಟು ಅನ್ಯಾಯ!

ಶುಕ್ರ ಪರ್ವತ, ಅಂದರೆ ಹೆಬ್ಬೆರಳ ಬುಡದ ದಿಂಡು. ತುಂಬಿಕೊಂಡಿದ್ದರೆ ಪ್ರೀತಿ, ಉತ್ಸಾಹ. ಚಪ್ಪಟೆಯಾಗಿದ್ದರೆ ಒಣ ಸ್ವಭಾವ. ಅದು ಹೆಬ್ಬೆರಳನ್ನು ಆಡಿಸುವ ಸಣ್ಣ ಸ್ನಾಯುಗಳ ಗುಂಪು. ಅವಕ್ಕೆ ಮುಖ್ಯವಾಗಿ ಮೀಡಿಯನ್ ನರದ ಪೂರೈಕೆ. ಮಣಿಕಟ್ಟಿನಲ್ಲಿ ಆ ನರ ವರ್ಷಗಟ್ಟಲೆ ಒತ್ತಿ ಹೋದರೆ ದಿಂಡು ಕರಗುತ್ತದೆ. ಹೆಬ್ಬೆರಳು ಬಾಗದೆ ಬಿಗಿಯಾಗಿದ್ದರೆ ಹಟಮಾರಿ ಅನ್ನುತ್ತಾರೆ, ನನಗೆ ಮೊದಲು ನೆನಪಾಗುವುದು ಅದರ ಬುಡದ ಕೀಲಿನ ಸವೆತ. ಅಂಗೈ ಮೆತ್ತಗಿದ್ದರೆ ಸೋಮಾರಿ. ಪ್ಲಾಸ್ಟರ್ ಬಿಚ್ಚಿದ ದಿನ ಎಂಥ ದುಡಿಮೆಗಾರನ ಅಂಗೈಯೂ ಮೆತ್ತಗಿರುತ್ತದೆ.

ಕೈ ಏನೂ ಹೇಳುವುದಿಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ಬೇಕಾದಷ್ಟು ಹೇಳುತ್ತದೆ. ಯಾವ ಕೈ ಜಾಸ್ತಿ ದುಡಿಯುತ್ತದೆ, ಯಾವ ಉಪಕರಣ ಎಲ್ಲಿ ಉಜ್ಜುತ್ತದೆ, ಎಲ್ಲಿ ಗಾಯವಾಗಿತ್ತು, ಯಾವ ನರ ಸೋತಿದೆ, ಎಲ್ಲ ಗೊತ್ತಾಗುತ್ತದೆ. ಆ ಕ್ಷಣದ ಅಂಜಿಕೆಯೂ ಗೊತ್ತಾಗುತ್ತದೆ, ಯಾಕೆಂದರೆ ಅಂಗೈ ಬೆವರುವುದು ಸೆಕೆಗಿಂತ ಜಾಸ್ತಿ ಮನಸ್ಸಿನ ಒತ್ತಡಕ್ಕೆ. ಆದರೆ ಅಂದು ಅಂಜಿದವರೆಲ್ಲ ಅಂಜುಬುರುಕರಲ್ಲ.

ತೋರುಬೆರಳಿನ ಬಗ್ಗೆಯೂ ಹೇಳಿಬಿಡುತ್ತೇನೆ, ಅದಕ್ಕೆ ವಿಜ್ಞಾನದ ಬೆಂಬಲ ಇದೆ ಅಂತ ಯಾರಾದರೂ ಬಂದೇ ಬರುತ್ತಾರೆ. ತೋರುಬೆರಳು ಮತ್ತು ಉಂಗುರ ಬೆರಳಿನ ಉದ್ದದ ಅನುಪಾತ ಗಂಡಸರಲ್ಲಿ ಸರಾಸರಿ ಸ್ವಲ್ಪ ಕಡಿಮೆ. 1998ರಲ್ಲಿ ಜಾನ್ ಮ್ಯಾನಿಂಗ್ ಮತ್ತು ಜೊತೆಗಾರರ ಬರಹದ ನಂತರ ಇದನ್ನು ಗರ್ಭದಲ್ಲಿನ ಹಾರ್ಮೋನಿಗೆ ಜೋಡಿಸಿ ಸಾಕಷ್ಟು ಅಧ್ಯಯನಗಳು ನಡೆದವು. ಸ್ವಭಾವದ ಜೊತೆ ಹುಡುಕಿದ ನಂಟುಗಳು ಸಣ್ಣವು, ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಸಿಗುವುದಿಲ್ಲ. ಒಬ್ಬ ವ್ಯಕ್ತಿಯ ಬೆರಳು ನೋಡಿ ತಂಡ ನಡೆಸುತ್ತಾರಾ ಇಲ್ಲವಾ ಅಂತ ಹೇಳಲು ಅದರಿಂದ ಆಗುವುದೇ ಇಲ್ಲ. ತಮಾಷೆಯ ಸಂಗತಿ ಅಂತ ಬಿಡಲೂ ನನಗೆ ಮನಸ್ಸಿಲ್ಲ, ಯಾಕೆಂದರೆ ನೀವು ಇದನ್ನು ನಂಬಿ ಒಂದು ಕೆಲಸ ಬಿಡುವ ಹಂತಕ್ಕೆ ಬಂದಿದ್ದೀರಿ.

ಮನೋವಿದ್ಯಾರ್ಥಿ:

‘ಎರಡು ನಿಜವಾದರೆ ಉಳಿದದ್ದೂ ನಿಜ ಇರಬೇಕಲ್ವಾ’ ಅನ್ನುವ ನಿಮ್ಮ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಸ್ವಭಾವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿಮ್ಮ ಫಲಿತಾಂಶ’ ಎಂದು ಒಂದು ಹಾಳೆ ಕೊಟ್ಟರು. ಎಷ್ಟು ಸರಿ ಇದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ! ಅದರ ವಾಕ್ಯಗಳನ್ನು ಅವರು ಮುಖ್ಯವಾಗಿ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದಿದ್ದರು.

ಈಗ ನಿಮ್ಮ ಮೊದಲ ಎರಡು ಮಾತು ನೋಡಿ. ನಂಬಿದವರಿಗಾಗಿ ಏನು ಬೇಕಾದರೂ ಮಾಡುತ್ತೀರಿ, ಬೇಗ ನೋವಾಗುತ್ತದೆ, ಕಲ್ಪನೆ ಜಾಸ್ತಿ. ಇದನ್ನು ಕೇಳಿ ‘ಇಲ್ಲ, ನಾನು ಹಾಗಲ್ಲ’ ಅನ್ನುವವರು ಎಷ್ಟು ಜನ ಸಿಕ್ಕಾರು? ಅವು ನಿಮಗೆ ಸರಿ ಹೊಂದಿದ್ದು ಅವು ಹೆಚ್ಚು ಕಡಿಮೆ ಎಲ್ಲರಿಗೂ ಹೊಂದುವುದರಿಂದ. ಅಲ್ಲಿ ಗಳಿಸಿದ ನಂಬಿಕೆಯ ಬಲದ ಮೇಲೆ ಮುಂದಿನ ಎರಡು ಗಟ್ಟಿ ತೀರ್ಪುಗಳು ನಿಮ್ಮ ಒಳಗೆ ಇಳಿದವು.

ಕೈ ನೋಡುವವರು ಬೇಕೆಂದೇ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ರೇ ಹೈಮನ್ ಎಂಬ ಮನೋವಿಜ್ಞಾನಿ ಎಳೆಯ ವಯಸ್ಸಿನಲ್ಲಿ ಕೈ ನೋಡಿ ಸಂಪಾದಿಸುತ್ತಿದ್ದರು. ಜನ ತಲೆದೂಗುತ್ತಿದ್ದದ್ದು ನೋಡಿ ಅವರೇ ಪೂರ್ತಿ ನಂಬಿಬಿಟ್ಟಿದ್ದರು. ಸ್ಟ್ಯಾನ್ಲಿ ಜಾಕ್ಸ್ ಎಂಬ ಪ್ರದರ್ಶಕರು ‘ರೇಖೆ ಹೇಳುವುದಕ್ಕೆ ತದ್ವಿರುದ್ಧ ಹೇಳಿ ನೋಡು’ ಅಂದರು. ಹೈಮನ್ ಹಾಗೇ ಮಾಡಿದರು. ಜನ ಆಗಲೂ ಅಷ್ಟೇ ಮೆಚ್ಚಿದರು.

ನೀವೇ ಪರೀಕ್ಷೆ ಮಾಡಬಹುದು. ಒಳ್ಳೆಯ ಕೈ ಓದುಗರೊಬ್ಬರಿಗೆ ಐದು ಜನರ ಅಂಗೈಯ ಅಚ್ಚು ಮಾತ್ರ ಕೊಡಿ. ಮುಖ ಕಾಣಬಾರದು, ಮಾತು ಇರಬಾರದು, ವಯಸ್ಸು ಗೊತ್ತಾಗಬಾರದು. ಐದು ಓದುಗಳನ್ನು ಹೆಸರಿಲ್ಲದೆ ಬರೆಸಿ, ಕಲಸಿ, ಆ ಐದು ಜನರ ಮುಂದೆ ಇಡಿ. ತಮ್ಮದು ಯಾವುದು ಅಂತ ಪ್ರತಿಯೊಬ್ಬರೂ ಆರಿಸಲಿ. ಸುಮ್ನೆ ಊಹಿಸಿದರೂ ಸರಾಸರಿ ಒಬ್ಬರದು ಸರಿಯಾಗುತ್ತದೆ. ಅದಕ್ಕಿಂತ ಮೇಲೆ, ಮತ್ತೆ ಮತ್ತೆ ಬಂದರೆ ಆಗ ಮಾತಾಡೋಣ.

ರೇಖಾಸಕ್ತ:

ಹತ್ತುಬೆರಳು ಅವರೇ, ನಿಮ್ಮ ಬರಹ ಗೌರವದಿಂದ ಓದಿದೆ. ಆದರೆ ನೀವು ನೋಡುವುದು ರೋಗದ ಕೈ. ಸಾಮುದ್ರಿಕ ಮಾತಾಡುವುದು ಆರೋಗ್ಯದ ಕೈಯ ಬಗ್ಗೆ. ಪೆಟ್ಟಾದ ಕೈ, ರೋಗ ಬಂದ ಕೈಯನ್ನು ನಾವೂ ಬದಿಗಿಡುತ್ತೇವೆ. ಅದಕ್ಕೇ ಎರಡೂ ಕೈ ನೋಡುವುದು. ಎಡಗೈ ಹುಟ್ಟಿನಿಂದ ಬಂದದ್ದು, ಬಲಗೈ ನಾವು ಬೆಳೆಸಿಕೊಂಡದ್ದು. ಬಲಗೈಯವರಿಗೆ ಹೀಗೆ, ಎಡಚರಿಗೆ ತಿರುಗುಮುರುಗು. ಎರಡರ ವ್ಯತ್ಯಾಸದಲ್ಲೇ ಮನುಷ್ಯ ಎಷ್ಟು ಬದಲಾದ ಅನ್ನುವುದು ಕಾಣುತ್ತದೆ.

ಹತ್ತುಬೆರಳು:

ಒಳ್ಳೆಯ ಪ್ರಶ್ನೆ. ನನ್ನ ಬಳಿ ಬರುವ ಹೆಚ್ಚಿನವರಿಗೆ ಒಂದು ಕೈ ಮಾತ್ರ ನೋಯುತ್ತಿರುತ್ತದೆ. ಇನ್ನೊಂದು ಕೈಯನ್ನು ಅಳತೆಗಾಗಿ ನಾನು ಯಾವಾಗಲೂ ನೋಡುತ್ತೇನೆ. ಹಾಗಾಗಿ ಆರೋಗ್ಯದ ಕೈಗಳನ್ನೂ ಅಷ್ಟೇ ನೋಡಿದ್ದೇನೆ.

ಎಡ ಬಲದ ರೇಖೆಗಳು ಬೇರೆ ಬೇರೆ ಇರುವುದು ನಿಜ, ನೀವು ಗಮನಿಸಿದ್ದು ಸರಿ. ಆದರೆ ಎರಡೂ ಅಂಗೈಯ ಮೂರು ದೊಡ್ಡ ರೇಖೆಗಳು ಹುಟ್ಟುವ ಮೊದಲೇ ಮೂಡುತ್ತವೆ. ಬಲಗೈಯ ಬುದ್ಧಿ ರೇಖೆಯೂ ಗರ್ಭದಲ್ಲೇ ಬಂದದ್ದು. ಆಮೇಲೆ ಬದಲಾಗುವುದು ಸಣ್ಣ ಸಣ್ಣ ಗೆರೆಗಳು, ಚರ್ಮದ ದಪ್ಪ, ಸ್ನಾಯುವಿನ ತುಂಬು. ಅಂದಮೇಲೆ ದೊಡ್ಡ ರೇಖೆಗಳ ವ್ಯತ್ಯಾಸದಲ್ಲಿ ‘ಬೆಳೆಸಿಕೊಂಡ ಸ್ವಭಾವ’ವನ್ನು ಹೇಗೆ ಓದುವುದು? ನಾನು ಇದನ್ನು ಅಜ್ಜನ ಹತ್ತಿರವೂ ಕೇಳಿದ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ನಾನು ಕೈ ಹಿಡಿದುಕೊಂಡು ಕೂತರೆ ಜನ ಮಾತಾಡುತ್ತಾರೆ, ಅರ್ಧ ಅಲ್ಲೇ ಗೊತ್ತಾಗುತ್ತದೆ’ ಅಂದರು. ಆ ಮಾತು ನನಗೆ ತುಂಬಾ ಇಷ್ಟ. ನನ್ನ ಕೋಣೆಯಲ್ಲೂ ಅದೇ ನಡೆಯುತ್ತದೆ. ಅರ್ಧ ಗಂಟೆ ಒಬ್ಬರ ಕೈ ಹಿಡಿದು ಬೆರಳು ಬಾಗಿಸುತ್ತಾ ಕೂತರೆ ಅವರು ಮನೆಯವರಿಗೂ ಹೇಳದ್ದನ್ನು ಹೇಳುತ್ತಾರೆ. ಅಷ್ಟು ಹತ್ತಿರ ಕೂತು, ಅಷ್ಟು ಗಮನ ಕೊಟ್ಟು ಕೇಳುವವರು ಅವರಿಗೆ ಬೇರೆಲ್ಲೂ ಸಿಕ್ಕಿರುವುದಿಲ್ಲ. ಕೈ ನೋಡುವವರಲ್ಲಿ ಒಳ್ಳೆಯವರಿಗೆ ಆ ಗುಣ ಇರುತ್ತದೆ, ಅದಕ್ಕೆ ನನ್ನ ಮನಃಪೂರ್ವಕ ಗೌರವ ಇದೆ. ಅದರ ಯಶಸ್ಸನ್ನು ರೇಖೆಗೆ ಕೊಡುವುದಕ್ಕೆ ಮಾತ್ರ ನನ್ನ ವಿರೋಧ.

ಸ್ವಭಾವ ತಿಳಿಯಬೇಕಾದರೆ ವರ್ಷಗಟ್ಟಲೆ ಒಬ್ಬರು ಏನು ಮಾಡಿದರು ಅನ್ನುವುದನ್ನು ನೋಡಬೇಕು. ನೀಲಿಶಾಯಿ ಅವರೇ, ನೀವು ಯಾರ ಜೊತೆ ಕೆಲಸ ಮಾಡಿದ್ದೀರೋ ಅವರನ್ನು ಕೇಳಿ. ‘ಕಷ್ಟದ ಸಮಯದಲ್ಲಿ ನಾನು ಹೇಗೆ ನಡೆದುಕೊಂಡೆ?’ ಅಂತ ನೇರವಾಗಿ ಕೇಳಿ. ಹೆದರದೆ ಹೇಳುವವರನ್ನೇ ಕೇಳಿ.

ನೀಲಿಶಾಯಿ:

ಎಲ್ಲರಿಗೂ ಧನ್ಯವಾದ. ರೇಖಾಸಕ್ತ ಅವರೇ, ಅವರು ಬಲಗೈ ಒಂದೇ ನೋಡಿದ್ದು. ಕುಜ ಪರ್ವತದ ಹೆಸರನ್ನೇ ಎತ್ತಲಿಲ್ಲ.

ಹತ್ತುಬೆರಳು ಅವರು ಹೇಳಿದಂತೆ ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ‘ನೀನು ತೀರ್ಮಾನಕ್ಕೆ ಸಮಯ ತೆಗೆದುಕೊಳ್ಳುತ್ತೀಯ. ಆದರೆ ಆ ತಪ್ಪು ಲೆಕ್ಕದ ವಿಷಯದಲ್ಲಿ ಮೇಲಿನವರ ಮುಂದೆ ಎದ್ದು ಮಾತಾಡಿದ್ದು ನೀನೊಬ್ಬಳೇ. ಮಾತು ಕಡಿಮೆ ಆಡುತ್ತೀಯ, ತಂಡ ನಡೆಸುವಾಗ ಅದು ತೊಂದರೆ ಆಗಬಹುದು, ಅದನ್ನು ಕಲಿ.’ ನನಗೆ ಬೇಕಾಗಿದ್ದದ್ದು ಈ ಥರದ ಉತ್ತರ. ಇದರಲ್ಲಿ ಏನು ಮಾಡಬೇಕು ಅನ್ನುವುದೂ ಇದೆ. ತಂಡದ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ.

ಮುಂಜಾವು:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಶುಕ್ರ ಪರ್ವತದ ಬಗ್ಗೆ ಓದಿ ಬರೆಯುತ್ತಿದ್ದೇನೆ. ನನ್ನ ಬಲಗೈಯಲ್ಲಿ ಹೆಬ್ಬೆರಳ ಬುಡ ಎಡಗೈಗಿಂತ ಚಪ್ಪಟೆಯಾಗಿದೆ. ಮೊದಲು ಹೀಗಿರಲಿಲ್ಲ. ಕೈ ನೋಡಿದವರು ‘ಮನೆಯವರ ಮೇಲೆ ಮಮತೆ ಕಡಿಮೆಯಾಗಿದೆ’ ಅಂದರು, ಅದನ್ನು ಕೇಳಿ ತುಂಬಾ ಅತ್ತಿದ್ದೆ. ರಾತ್ರಿ ಆ ಕೈ ಜುಮುಗುಟ್ಟಿ ಎಚ್ಚರವಾಗುತ್ತದೆ. ಇದು ನೀವು ಹೇಳಿದ ನರದ ತೊಂದರೆಯಾ?

ಹತ್ತುಬೆರಳು:

ಮುಂಜಾವು, ನಿಮ್ಮ ಮಮತೆಗೆ ಏನೂ ಆಗಿಲ್ಲ. ಇಲ್ಲಿ ಬರೆದು ರೋಗ ಹೇಳಲು ಆಗುವುದಿಲ್ಲ, ಆದರೆ ನೀವು ಹೇಳಿದ ಎರಡು ಸಂಗತಿ ಕೂಡಿದರೆ ತಡಮಾಡಬಾರದು. ಈ ವಾರವೇ ವೈದ್ಯರನ್ನು ನೋಡಿ. ಮೂಳೆ ತಜ್ಞರು ಅಥವಾ ನರ ತಜ್ಞರು ಆಗಬಹುದು.

ಹೋಗುವ ಮೊದಲು ಇವನ್ನು ಗಮನಿಸಿಟ್ಟುಕೊಳ್ಳಿ. ಜುಮುಗುಡುವುದು ಯಾವ ಬೆರಳುಗಳಲ್ಲಿ? ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಇದ್ದು ಕಿರುಬೆರಳು ಚೆನ್ನಾಗಿದ್ದರೆ ಮೀಡಿಯನ್ ನರದ ಕಡೆ ಅನುಮಾನ ಹೋಗುತ್ತದೆ. ಕಿರುಬೆರಳೇ ಮರಗಟ್ಟಿದ್ದರೆ ಅದು ಬೇರೆ ನರ. ರಾತ್ರಿ ಎದ್ದು ಕೈ ಕೊಡವಿದರೆ ಸಮಾಧಾನ ಆಗುತ್ತದಾ? ಗುಂಡಿ ಹಾಕುವಾಗ, ನಾಣ್ಯ ಎತ್ತುವಾಗ ಜಾರುತ್ತದಾ? ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಕುತ್ತಿಗೆಯ ನೋವು ಇದ್ದರೆ ಅದನ್ನೂ ಹೇಳಿ, ನರ ಅಲ್ಲಿಯೂ ಒತ್ತಿರಬಹುದು.

ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆ ಅನ್ನುವ ಪರೀಕ್ಷೆಯನ್ನು ಅವರು ಬರೆದುಕೊಡಬಹುದು. ಅಲ್ಲಿಯವರೆಗೆ ಮಣಿಕಟ್ಟನ್ನು ಮಡಚಿ ಮಲಗಬೇಡಿ. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ಸಿಗುತ್ತದೆ, ರಾತ್ರಿ ಹಾಕಿಕೊಳ್ಳಬಹುದು. ಬರೀ ಜುಮುಗುಡುವ ಹಂತದಲ್ಲಿ ಎಷ್ಟೋ ಜನರಿಗೆ ಇಷ್ಟರಿಂದಲೇ ಸಾಕಷ್ಟು ಗುಣವಾಗುತ್ತದೆ. ಸ್ನಾಯು ಕರಗಲು ಶುರುವಾಗಿದ್ದರೆ ಪಟ್ಟಿ ಸಾಲದೆ ಹೋಗಬಹುದು, ಶಸ್ತ್ರಚಿಕಿತ್ಸೆಯ ಮಾತು ಬರಬಹುದು. ಹೆದರಬೇಡಿ, ಸಣ್ಣ ಶಸ್ತ್ರಚಿಕಿತ್ಸೆ ಅದು. ತಡವಾದಷ್ಟೂ ಕರಗಿದ ಸ್ನಾಯು ಮರಳಿ ತುಂಬುವುದು ಕಷ್ಟ. ವೈದ್ಯರು ಏನಂದರು ಅಂತ ಇಲ್ಲೇ ಬರೆಯಿರಿ, ಆಮೇಲೆ ಮಾಡಬೇಕಾದ ವ್ಯಾಯಾಮಗಳನ್ನು ನಾನು ಹೇಳುತ್ತೇನೆ.